ಕೆರೆ ಹೊಳೆಗಳ ಮೀನು: ಬಿತ್ತನೆಯನ್ನು ಉಳಿಸಿಕೊಳ್ಳುವ ಬಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರಿಗೆ ನೀರೆಂದರೆ ಮೊದಲು ನೆನಪಾಗುವುದು ಬತ್ತ, ಆಮೇಲೆ ಕಬ್ಬು. ಅದೇ ನೀರಿನಲ್ಲಿ ಇನ್ನೊಂದು ಬೆಳೆಯೂ ಬೆಳೆಯುತ್ತದೆ. ಅದಕ್ಕೆ ಉಳುಮೆಯಿಲ್ಲ, ಕಳೆ ಕೀಳುವಂತಿಲ್ಲ. ಅದು ಮೀನು. ವೈನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಬಿನಿಯು ಹೆಗ್ಗಡದೇವನಕೋಟೆ ತಾಲ್ಲೂಕಿನ ಜಲಾಶಯವನ್ನು ದಾಟಿ, ನುಗು ಹೊಳೆಯನ್ನು ಕೂಡಿಸಿಕೊಂಡು, ಹುಲ್ಲಹಳ್ಳಿಯ ಅಣೆಕಟ್ಟೆಯ ಮೇಲೆ ಹಾದು, ನಂಜನಗೂಡಿನಲ್ಲಿ ಗುಂಡ್ಲು ಹೊಳೆಯನ್ನು ಸೇರಿಸಿಕೊಂಡು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಹೊಳೆಗಳು, ಇವುಗಳ ನಾಲೆಗಳು, ನಾಲೆಯ ಬಸಿನೀರು ಬಂದು ತಂಗುವ ಕೆರೆಗಳು, ಮಳೆಯನ್ನೇ ನಂಬಿದ ಸಣ್ಣ ಕಟ್ಟೆಗಳು ಎಲ್ಲವೂ ಮೀನಿನ ಹೊಲಗಳೇ. ತೆಪ್ಪ, ಬೀಸುಬಲೆ, ಕೂಳಿ ಮತ್ತು ಗಾಳಗಳನ್ನು ನಂಬಿ ಬದುಕುವ ಬೆಸ್ತರ ಮನೆಗಳು ಹೊಳೆದಂಡೆಯ ಊರುಗಳಲ್ಲಿ ಇಂದಿಗೂ ಇವೆ. ಕೂಲಿ ಮಾಡುವವರ ಮನೆಗೆ ವಾರಕ್ಕೊಮ್ಮೆಯಾದರೂ ಅಗ್ಗದ ಸಾರು ಒದಗಿಸುವುದೂ ಈ ಮೀನೇ.

ಈ ಬೆಳೆ ಕ್ಷೀಣಿಸುತ್ತಿದೆ ಎಂಬ ದೂರು ಬಂದಾಗಲೆಲ್ಲ ಬಲೆ ಬೀಸುವವನತ್ತ ಬೆರಳು ತೋರಿಸುವುದು ರೂಢಿ. ಅದು ಅರ್ಧ ಸತ್ಯ ಮಾತ್ರ. ಕೆರೆಯ ತೂಬನ್ನು ಎತ್ತುವವನು, ಗದ್ದೆಗೆ ಔಷಧಿ ಹೊಡೆಯುವವನು, ಹೊಳೆಯ ಮರಳನ್ನು ತೆಗೆಯುವವನು ಕೂಡ ಮೀನಿನ ಸಂಖ್ಯೆಯನ್ನು ನಿರ್ಧರಿಸುತ್ತಾರೆ. ಇವರಲ್ಲಿ ಹೆಚ್ಚಿನವರು ರೈತರು. ಆದುದರಿಂದ ಮೀನಿನ ರಕ್ಷಣೆ ಮೀನುಗಾರಿಕಾ ಇಲಾಖೆಗೆ ಅಥವಾ ಬೆಸ್ತರಿಗೆ ಮಾತ್ರ ಸೇರಿದ ವಿಷಯವೆಂದು ರೈತ ಬಾಂಧವರು ತಿಳಿಯಕೂಡದು.

ಮೀನು ಹತ್ತುವ ಕಾಲ

ಮನೆಯಲ್ಲಿ ಎಷ್ಟೇ ಕಷ್ಟವಿದ್ದರೂ ರೈತನು ಬಿತ್ತನೆ ರಾಗಿಯನ್ನು ಬೀಸಿ ಉಣ್ಣುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಬಿತ್ತನೆಯನ್ನೇ ಮೊದಲು ತಿನ್ನುವ ಪದ್ಧತಿ ನಮ್ಮಲ್ಲಿದೆ. ಇದು ನಡೆಯುವುದು ಮುಂಗಾರಿನ ಮೊದಲ ಹೊಸನೀರಿನಲ್ಲಿ.

ವೈನಾಡಿನಲ್ಲಿ ಜೂನ್ ತಿಂಗಳಿನಲ್ಲಿ ಮಳೆ ಹಿಡಿಯಿತೆಂದರೆ ಕಬಿನಿಯಲ್ಲಿ ಕೆಂಪು ನೀರು ಬರುತ್ತದೆ. ನೀರು ತಂಪಾಗಿ, ಕದಡಿ, ಮಟ್ಟ ಏರತೊಡಗಿದ ಕೂಡಲೆ ನಮ್ಮ ಹೊಳೆಗಳ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ತುಂಬಿದ ಹೊಟ್ಟೆಯೊಡನೆ ಹರಿವಿಗೆ ಎದುರಾಗಿ ಈಜುತ್ತವೆ. ಹಳ್ಳಗಳ ಬಾಯಿ, ನೀರು ನುಗ್ಗಿದ ದಂಡೆಯ ಹುಲ್ಲು, ತಗ್ಗಿನ ಗದ್ದೆ ಇವು ಅವುಗಳ ಹೆರಿಗೆಯ ಜಾಗಗಳು. ಕೆರೆಗಳಲ್ಲಿಯೂ ಕೋಡಿ ಬಿದ್ದಾಗ ಮೀನು ಕೋಡಿಯ ನೀರಿಗೆ ಎದುರು ಹತ್ತುತ್ತದೆ. ಹೀಗೆ ಹತ್ತುವ ಮೀನಿಗೆ ಬುದ್ಧಿಯೆಲ್ಲ ಮೇಲಕ್ಕೆ ಹೋಗುವುದರಲ್ಲಿಯೇ ಇರುತ್ತದೆ. ಅಣೆಕಟ್ಟೆಯ ಕೆಳಗೆ, ಮೋರಿಯ ಬಾಯಲ್ಲಿ, ಕೋಡಿಯ ಮೆಟ್ಟಿಲಲ್ಲಿ ಒಂದರ ಮೇಲೊಂದು ಬಿದ್ದು ಸೇರಿಕೊಳ್ಳುತ್ತದೆ. ಬಲೆ, ಕೂಳಿ, ಸೀರೆ, ಕುಕ್ಕೆ ಏನು ಹಿಡಿದರೂ ತುಂಬುತ್ತದೆ. ಒಂದು ರಾತ್ರಿಯಲ್ಲಿ ಊರಿಗೆಲ್ಲ ಆಗುವಷ್ಟು ಮೀನು ಸಿಕ್ಕಿತೆಂದು ಸಂತೋಷಪಡುವವರು ಆ ಮೀನಿನ ಹೊಟ್ಟೆಯಲ್ಲಿ ಏನಿತ್ತೆಂಬುದನ್ನು ಎಣಿಸುವುದಿಲ್ಲ. ಗೆಂಡೆ ಜಾತಿಗೆ ಸೇರಿದ ಒಂದು ಕಿಲೋ ತೂಕದ ಹೆಣ್ಣು ರೋಹು ಎರಡು ಲಕ್ಷದಷ್ಟು ಮೊಟ್ಟೆಗಳನ್ನು ಹೊತ್ತಿರುತ್ತದೆ. ಅವುಗಳಲ್ಲಿ ಬದುಕುಳಿದು ದೊಡ್ಡದಾಗುವುದು ಬೆರಳೆಣಿಕೆಯಷ್ಟು ಎಂಬುದು ನಿಜ. ಆದರೆ ಆ ಬೆರಳೆಣಿಕೆಯೇ ಮುಂದಿನ ವರ್ಷದ ಬೆಳೆ.

ಕೊರವ ಮೀನಿನದು ಬೇರೆ ರೀತಿ. ಅದು ಮೊಟ್ಟೆಯನ್ನು ನೀರಿನಲ್ಲಿ ಚೆಲ್ಲಿ ಹೋಗದೆ, ಜೊಂಡಿನ ನಡುವೆ ಇಟ್ಟು ಕಾಯುತ್ತದೆ. ಮರಿಗಳು ಒಡೆದ ಮೇಲೆ ಕಿತ್ತಳೆಗೆಂಪು ಬಣ್ಣದ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ತೇಲುತ್ತ ಸಾಗುತ್ತವೆ, ತಾಯ್ತಂದೆಗಳು ಅಡಿಯಲ್ಲಿ ಕಾವಲಿರುತ್ತವೆ. ಕೆರೆಯ ಅಂಚಿನಲ್ಲಿ ಈ ಕೆಂಪು ಗುಂಪನ್ನು ನೋಡಿದವರು ಅದರ ಕೆಳಗೆ ಗಾಳ ಬಿಟ್ಟರೆ ದೊಡ್ಡ ಮೀನು ಸಿಗುವುದು ಖಂಡಿತ. ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು ಒಂದೆರಡು ದಿನದಲ್ಲಿ ಮುಗಿಸುವುದೂ ಅಷ್ಟೇ ಖಂಡಿತ. ಕೆಂಪು ಮರಿಯ ಗುಂಪು ಕಂಡ ಕಡೆ ಗಾಳ ಹಾಕಬಾರದೆಂಬ ಒಂದು ನಿಯಮವನ್ನು ಊರಿನ ಹುಡುಗರಿಗೆ ಕಲಿಸಿದರೂ ಸಾಕು. ಇದಕ್ಕೆ ಕಾನೂನು ಬೇಕಿಲ್ಲ.

ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಆ ಎರಡು ತಿಂಗಳು ದೋಣಿಗಳು ಬಂದರಿನಲ್ಲಿಯೇ ಕಟ್ಟಿರುತ್ತವೆ. ಅಷ್ಟು ದೊಡ್ಡ ಸಮುದ್ರಕ್ಕೇ ಬಿಡುವು ಬೇಕೆಂದಾದರೆ ಹತ್ತಿಪ್ಪತ್ತು ಹೆಕ್ಟೇರಿನ ಕೆರೆಗೆ ಬೇಡವೆ? ಕಬಿನಿಯಲ್ಲಿ ಹೊಸನೀರು ಬಂದಂದಿನಿಂದ ಆರರಿಂದ ಎಂಟು ವಾರಗಳ ಕಾಲ ಅಣೆಕಟ್ಟೆಗಳ ಕೆಳಗೆ, ಹಳ್ಳಗಳ ಬಾಯಲ್ಲಿ ಮತ್ತು ಕೆರೆಯ ಕೋಡಿಯಲ್ಲಿ ಬಲೆ ಹಾಗೂ ಕೂಳಿ ಇಡುವುದನ್ನು ನಿಲ್ಲಿಸತಕ್ಕದ್ದು. ಹೊಳೆಯ ಉದ್ದಕ್ಕೂ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕೆಂದು ಹೇಳುವುದು ಸುಲಭ. ಬೆಸ್ತರ ಮನೆಯ ಒಲೆಯನ್ನು ನೆನೆದಾಗ ಅದು ನ್ಯಾಯವಲ್ಲ. ಈ ಮೂರು ಜಾಗಗಳನ್ನು ಬಿಟ್ಟರೆ ಸಾಕಷ್ಟು ಮೀನು ಮೇಲೆ ಹತ್ತುತ್ತದೆ.

ಸಣ್ಣ ಮೀನೂ ಮರಿಮೀನೂ ಒಂದಲ್ಲ

ಬಲೆಯ ಕಣ್ಣು ದೊಡ್ಡದಿರಬೇಕೆಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬೆರಳುದ್ದಕ್ಕಿಂತ ಹೆಚ್ಚಾಗಿ ಎಂದೂ ಬೆಳೆಯದ ಎಷ್ಟೋ ಜಾತಿಯ ಮೀನುಗಳು ನಮ್ಮ ಕೆರೆಗಳಲ್ಲಿವೆ. ಬಡವರ ತಟ್ಟೆಗೆ ಹೆಚ್ಚಾಗಿ ಬರುವುದು ಅವೇ. ಮುಳ್ಳು ಸಮೇತ ತಿನ್ನುವುದರಿಂದ ಅವುಗಳಿಂದ ಸುಣ್ಣದ ಅಂಶ ಹೇರಳವಾಗಿ ದೊರೆಯುತ್ತದೆ. ಕಾಟ್ಲಾ ಅಥವಾ ರೋಹುವಿನ ಬೆರಳುದ್ದದ ಮರಿ ಹಾಗಲ್ಲ. ಅದು ಇನ್ನು ಒಂದು ವರ್ಷದಲ್ಲಿ ಮುಕ್ಕಾಲು ಕಿಲೋದಿಂದ ಒಂದು ಕಿಲೋದವರೆಗೆ ತೂಗಬಲ್ಲದು. ಎರಡೂ ಒಂದೇ ಬಲೆಯಲ್ಲಿ ಬೀಳುವುದೇ ತೊಂದರೆ. ಬಿತ್ತನೆ ಮರಿ ಬಿಟ್ಟ ಕೆರೆಯಲ್ಲಿ ಮೊದಲ ನಾಲ್ಕೈದು ತಿಂಗಳು ಸಣ್ಣ ಕಣ್ಣಿನ ಬಲೆಯನ್ನು ಇಳಿಸದೆ, ಆಮೇಲೆ ಮರಿಗಳು ಅಂಗೈಗಿಂತ ದೊಡ್ಡವಾದ ಬಳಿಕ ಸಣ್ಣ ಮೀನನ್ನು ಹಿಡಿದುಕೊಳ್ಳುವುದು ಸರಿಯಾದ ಕ್ರಮ. ದೊಡ್ಡ ಮೀನಿಗೆ ಹಾಕುವ ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ಸರಾಗವಾಗಿ ತೂರಬೇಕು. ಸೊಳ್ಳೆಪರದೆಯನ್ನು ಹೊಲಿದು ಮಾಡಿದ ಬಲೆಯನ್ನಂತೂ ಯಾವ ಕಾಲದಲ್ಲಿಯೂ ಬಳಸಕೂಡದು. ಅದರಲ್ಲಿ ಕಣ್ಣು ಬಿಡದ ಮರಿಯೂ ಉಳಿಯುವುದಿಲ್ಲ.

ತೋಟೆ ಸಿಡಿಸುವುದು, ಕರೆಂಟು ಹಾಯಿಸುವುದು, ಬ್ಲೀಚಿಂಗ್ ಪುಡಿ, ಕಾರೆಕಾಯಿ ಅಥವಾ ಗದ್ದೆಯ ಕೀಟನಾಶಕವನ್ನು ಮಡುವಿಗೆ ಸುರಿಯುವುದು ಮೀನು ಹಿಡಿಯುವ ವಿಧಾನಗಳೇ ಅಲ್ಲ. ತೋಟೆಯ ಆಘಾತಕ್ಕೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿ ಕೈಗೆ ಸಿಗುವುದಕ್ಕಿಂತ ಮುಳುಗಿ ಕೊಳೆಯುವುದೇ ಹೆಚ್ಚು. ಸ್ಫೋಟಕ ಮತ್ತು ವಿಷದಿಂದ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯ ಕಾಲದಿಂದಲೂ ಅಪರಾಧ. ರಾಜ್ಯದ ಒಳನಾಡು ಮೀನುಗಾರಿಕೆಗೂ 1996ರ ಪ್ರತ್ಯೇಕ ಕಾಯಿದೆಯಿದೆ.

ಕೆರೆಯ ಕೊನೆಯ ನೀರು ಯಾರಿಗೆ?

ಕೆರೆಯ ಮೀನಿನ ಲೆಕ್ಕ ಹೊಳೆಯ ಲೆಕ್ಕಕ್ಕಿಂತ ಬೇರೆ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗಂಗಾ ನದಿಯ ಕಡೆಯಿಂದ ಬಂದವು. ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನು ಕೊಳದಲ್ಲಿಯೇ ಮೊಟ್ಟೆ ಇಡುವಂತೆ ಮಾಡಿದ ಮೇಲೆಯೇ ಊರೂರಿನ ಕೆರೆಗೆ ಮರಿ ಒದಗಿಸುವುದು ಸಾಧ್ಯವಾಯಿತು. ಹೀಗಾಗಿ ಕೆರೆಗೆ ಪ್ರತಿ ವರ್ಷ ಬಿತ್ತನೆಯನ್ನು ಹೊರಗಿನಿಂದ ತಂದು ಬಿಡಬೇಕು. ವರ್ಷವಿಡೀ ನೀರು ನಿಲ್ಲದ ಕೆರೆಗೆ ಹೆಕ್ಟೇರಿಗೆ 2,000ದಿಂದ 3,000 ಬೆರಳುದ್ದದ ಮರಿಗಳು ಸಾಕು. ನೂರಕ್ಕೆ 40 ಕಾಟ್ಲಾ, 30 ರೋಹು, 30 ಮೃಗಾಲ್ ಬಿಟ್ಟರೆ ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಆಹಾರಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ನೀರಿನೊಳಗಿನ ಕಳೆ ಹೆಚ್ಚಿರುವ ಕೆರೆಯಲ್ಲಿ ಹುಲ್ಲುಗೆಂಡೆಯನ್ನು ಸ್ವಲ್ಪ ಸೇರಿಸಬಹುದು. ಅಗ್ಗವೆಂದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯನ್ನು ತಂದು ಸುರಿಯುವುದು ಕೆರೆಯಲ್ಲಿರುವ ಬಾಳೆ ಮೀನು ಮತ್ತು ಕೊರವಕ್ಕೆ ಔತಣ ಮಾಡಿಸಿದಂತೆ.

ಇಲ್ಲಿಯವರೆಗೆ ಯಾವ ಜಗಳವೂ ಇಲ್ಲ. ಜಗಳ ಹುಟ್ಟುವುದು ಫೆಬ್ರವರಿ ಮಾರ್ಚಿಯಲ್ಲಿ. ಅಚ್ಚುಕಟ್ಟಿನ ರೈತನಿಗೆ ಬೇಸಿಗೆ ಬೆಳೆಗೆ ಕಟ್ಟಕಡೆಯ ನೀರು ಬೇಕು. ಮೀನಿನ ಗುತ್ತಿಗೆದಾರನಿಗೆ ಅದೇ ನೀರು ಕೆರೆಯಲ್ಲಿಯೇ ನಿಲ್ಲಬೇಕು. ತೂಬು ಎತ್ತಿದರೆ ಮೀನು ಬಿಸಿನೀರಿನಲ್ಲಿ ಸಾಯುತ್ತದೆ, ಎತ್ತದಿದ್ದರೆ ಪೈರು ಒಣಗುತ್ತದೆ. ನಷ್ಟವಾಗುವ ಭಯದಿಂದ ಗುತ್ತಿಗೆದಾರನು ಜನವರಿಯಲ್ಲಿಯೇ ಎಳೆಯ ಮೀನನ್ನು ಬಳಿದು ಮಾರಿಬಿಡುತ್ತಾನೆ. ಮೀನು ಮೊದಲ ತಿಂಗಳುಗಳಲ್ಲಿ ಉದ್ದ ಬೆಳೆದು ಆಮೇಲೆ ತೂಕ ಕಟ್ಟುವ ಪ್ರಾಣಿ. ಆದುದರಿಂದ ಬೇಗ ಬಳಿಯುವುದೆಂದರೆ ತೆನೆಯಲ್ಲಿ ಹಾಲು ತುಂಬುವಾಗಲೇ ಬತ್ತ ಕೊಯ್ದ ಹಾಗೆ. ಒಂದು ಲೆಕ್ಕವನ್ನು ನೋಡಬಹುದು. ಹತ್ತು ಹೆಕ್ಟೇರಿನ ಕೆರೆಗೆ 20,000 ಮರಿ ಬಿಟ್ಟು ನೂರಕ್ಕೆ 40 ಉಳಿದವೆಂದು ಇಟ್ಟುಕೊಂಡರೆ 8,000 ಮೀನಾಯಿತು. ತಲಾ 300 ಗ್ರಾಂ ಇರುವಾಗ ಬಳಿದರೆ 2,400 ಕಿಲೋ. ಇನ್ನೆರಡು ತಿಂಗಳು ಕಾದು ತಲಾ ಅರ್ಧ ಕಿಲೋ ಆದ ಮೇಲೆ ಹಿಡಿದರೆ 4,000 ಕಿಲೋ. ನಡುವಿನ 1,600 ಕಿಲೋ ಮೀನಿಗೆ ಹೆಚ್ಚಿನ ಮರಿಯ ಖರ್ಚಿಲ್ಲ. ಬೇಕಾದದ್ದು ನೀರು ಮಾತ್ರ, ಅದೂ ಕೆರೆಯ ಒಂದು ಮೂಲೆಯಲ್ಲಿ.

ಪರಿಹಾರವೂ ಅಲ್ಲಿಯೇ ಇದೆ. ಕೆರೆಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿ ಈ ಸೀಮೆಯ ರೈತರಿಗೆ ಹೊಸದಲ್ಲ. ಗೋಡು ಅಗೆಯುವಾಗ ಕೆರೆಯ ಅಂಗಳದಲ್ಲಿ ಕಂಡ ಕಂಡಲ್ಲಿ ಗುಂಡಿ ತೋಡದೆ, ಏರಿಯ ಬುಡದಿಂದ ಸಾಕಷ್ಟು ದೂರದಲ್ಲಿ, ತೂಬಿನ ಮಟ್ಟಕ್ಕಿಂತ ಕೆಳಗೆ ಒಂದೂವರೆ ಮೀಟರಿನಷ್ಟು ಆಳ ಬರುವಂತೆ ಒಂದೇ ಕಡೆ ಅಗೆದರೆ ಅದು ಮೀನಿನ ಮಡುವಾಗುತ್ತದೆ. ತೂಬಿನಿಂದ ಹರಿದು ಹೋಗುವ ನೀರೆಲ್ಲ ರೈತನದು, ಮಡುವಿನಲ್ಲಿ ಉಳಿಯುವ ನೀರು ಮೀನಿನದು. ಆ ನೀರಿಗೆ ಪಂಪು ಇಡುವುದನ್ನು ಮಾತ್ರ ಊರಿನವರು ತಡೆಯಬೇಕು. ದನಕರುಗಳಿಗೂ ಬೇಸಿಗೆಯಲ್ಲಿ ಅದೇ ನೀರು ದಿಕ್ಕಾಗುತ್ತದೆ. ಏರಿಗೆ ಹತ್ತಿರ ಅಗೆದು ಏರಿಯನ್ನೇ ಸಡಿಲ ಮಾಡಿಕೊಂಡವರೂ ಉಂಟು; ಆ ತಪ್ಪಿಗೆ ಮೀನು ಕಾರಣವಲ್ಲ.

ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ದೊಡ್ಡ ಕೆರೆಗಳು ಮೀನುಗಾರಿಕಾ ಇಲಾಖೆಯ ಅಧೀನದಲ್ಲಿಯೂ ಸಣ್ಣವು ಗ್ರಾಮ ಪಂಚಾಯಿತಿಗಳ ಅಧೀನದಲ್ಲಿಯೂ ಇರುತ್ತವೆ. ಒಂದೇ ವರ್ಷಕ್ಕೆ ಹರಾಜು ಕೂಗಿ ಕೆರೆಯನ್ನು ಕೊಟ್ಟರೆ ಹಿಡಿದವನು ಮುಂದಿನ ವರ್ಷಕ್ಕೆ ಏನನ್ನೂ ಉಳಿಸುವುದಿಲ್ಲ. ಉಳಿಸಿದರೆ ಅದು ಇನ್ನೊಬ್ಬನ ಪಾಲು. ವಾರದ ಗೇಣಿದಾರನು ಹೊಲಕ್ಕೆ ಗೊಬ್ಬರ ಹಾಕದಿರುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸ್ಥಳೀಯ ಮೀನುಗಾರರ ಸಹಕಾರ ಸಂಘಕ್ಕೆ ಐದು ವರ್ಷಗಳ ಅವಧಿಗೆ ಗುತ್ತಿಗೆ ಕೊಟ್ಟಲ್ಲಿ ಮರಿ ಬಿಡುವವನೂ ಹಿಡಿಯುವವನೂ ಒಬ್ಬನೇ ಆಗುತ್ತಾನೆ. ಸಣ್ಣ ಪ್ರಮಾಣದ ಮೀನುಗಾರಿಕೆಯ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಗಳು ಸಹ ನೀರಿನ ಮೇಲೆ ಬದುಕುವವರಿಗೆ ನಿಶ್ಚಿತವಾದ ಹಕ್ಕಿರಬೇಕೆಂದು ಹೇಳುತ್ತವೆ.

ಹದಿನಾರಿನ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮೀನು ತಿನ್ನುತ್ತವೆಂದು ಅಟ್ಟುವವರಿಗೆ ಒಂದು ಮಾತು. ಹಿಮಾಲಯದ ಆಚೆಯಿಂದ ಬರುವ ಈ ಹಕ್ಕಿ ಮೇಯುವುದು ಹುಲ್ಲು ಮತ್ತು ಕಾಳನ್ನು. ಮೀನು ತಿನ್ನುವುದು ನೀರುಕಾಗೆ. ಬೆರಳುದ್ದಕ್ಕಿಂತ ದೊಡ್ಡ ಮರಿಯನ್ನು ಬಿಟ್ಟಲ್ಲಿ ಅದರಿಂದಾಗುವ ನಷ್ಟವೂ ಕಡಿಮೆಯಾಗುತ್ತದೆ.

ಗದ್ದೆಯ ಔಷಧಿ

ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತು ರೈತರಿಗೆ ಪರಿಚಿತವಾದುದು. ಕೆಂಪು ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಆದರೆ ಈ ಗುರುತನ್ನು ನಿರ್ಧರಿಸಿರುವುದು ಇಲಿಗಳ ಮೇಲಿನ ಪರೀಕ್ಷೆಯಿಂದ, ಮನುಷ್ಯನ ಸುರಕ್ಷತೆಯನ್ನು ಗಮನದಲ್ಲಿಟ್ಟು. ಮೀನಿಗೆ ಅದು ಅನ್ವಯಿಸುವುದಿಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ಪೈರೆಥ್ರಾಯ್ಡ್ ಔಷಧಿಗಳಿಗೆ ಕೆಂಪು ಗುರುತಿಲ್ಲ. ಹಾಗಿದ್ದರೂ ಒಂದು ಲೀಟರ್ ನೀರಿಗೆ ಮಿಲಿಗ್ರಾಮಿನ ಸಾವಿರದ ಕೆಲವೇ ಭಾಗಗಳಷ್ಟು ಸೇರಿದರೂ ಮೀನು ಸಾಯುತ್ತದೆ. ಡಬ್ಬಿಯೊಂದಿಗೆ ಬರುವ ಚೀಟಿಯಲ್ಲಿ ಮೀನಿಗೆ ಅಪಾಯವೆಂದು ಬರೆದಿದೆಯೇ ಎಂಬುದನ್ನು ಓದದೆ ಬಣ್ಣವನ್ನಷ್ಟೇ ನೋಡಿ ಸಮಾಧಾನಪಡಬಾರದು.

ಔಷಧಿ ಹೊಡೆದ ಗದ್ದೆಯ ನೀರನ್ನು ನಾಲ್ಕೈದು ದಿನವಾದರೂ ಬದುವಿನಿಂದ ಹೊರಬಿಡಕೂಡದು. ಮಳೆಯ ಮೋಡವಿರುವಾಗ ಹೊಡೆಯುವುದರಿಂದ ಹುಳುವೂ ಸಾಯುವುದಿಲ್ಲ, ಹಣವೂ ಕೊಚ್ಚಿಹೋಗುತ್ತದೆ, ಮೀನು ಮಾತ್ರ ಸಾಯುತ್ತದೆ. ಪಂಪನ್ನು ಕೆರೆಯಲ್ಲಿ ತೊಳೆಯುವ ಅಭ್ಯಾಸವನ್ನು ಬಿಡಲೇಬೇಕು. ತೊಳೆದ ನೀರನ್ನು ಬೀಳುಭೂಮಿಯಲ್ಲಿ ಕುಡಿಯುವ ನೀರಿನಿಂದ ದೂರ ಚೆಲ್ಲಬೇಕು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ವಿಷದಿಂದಲ್ಲದೆ ಆಮ್ಲಜನಕದ ಕೊರತೆಯಿಂದಲೂ ಇರಬಹುದು. ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ರಾತ್ರಿಯೆಲ್ಲ ಉಸಿರಾಡಿ ಮುಂಜಾನೆಗೆ ಆಮ್ಲಜನಕವನ್ನು ಖಾಲಿ ಮಾಡಿರುತ್ತದೆ. ಆಗ ಹೊಸನೀರು ಹಾಯಿಸುವುದು, ಗೊಬ್ಬರ ನಿಲ್ಲಿಸುವುದು ತಕ್ಷಣದ ಚಿಕಿತ್ಸೆ.

ಊರಿನ ಚರಂಡಿ ಮತ್ತು ಕಾರ್ಖಾನೆಗಳ ಕೊಳೆನೀರಿನ ಪ್ರಶ್ನೆ ರೈತನ ಕೈಯಲ್ಲಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಹೊರತಂದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಕಬಿನಿಯ ನಂಜನಗೂಡು-ಹೆಜ್ಜಿಗೆ ಭಾಗವೂ ಸೇರಿತ್ತು. ಮೀನು ಸತ್ತು ತೇಲಿದ ದಿನವೇ ನೀರಿನ ಮಾದರಿ ತೆಗೆಸಿ ದೂರು ಕೊಡದಿದ್ದರೆ ಮಾರನೆಯ ದಿನ ಹೊಳೆ ಸಾಕ್ಷಿಯನ್ನು ಕೊಚ್ಚಿಕೊಂಡು ಹೋಗಿರುತ್ತದೆ.

ಕಬಿನಿಯ ಬಿಳಿಮೀನು

ಮೈಸೂರಿನ ವಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಬಿಳಿಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಅದು ಇಂದಿಗೂ ಹೆಸರಾದ ದಾಖಲೆ. ಬೆನ್ನಿನಲ್ಲಿ ಡುಬ್ಬವಿರುವ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಆ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ಇದು ಹೇಗಾಯಿತೆಂಬುದು ರೈತರಿಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ಅಣೆಕಟ್ಟುಗಳು ಮೀನಿನ ದಾರಿಯನ್ನು ತಡೆದವು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಸಮುದ್ರದಿಂದ ಕಾವೇರಿಗೆ ಏರುತ್ತಿದ್ದ ಹಿಲ್ಸಾ ಮೀನಿನ ಗತಿಯೂ ಇದೇ ಆಯಿತು. ತೋಟೆ ಮತ್ತು ವಿಷ ಇನ್ನಷ್ಟನ್ನು ತೆಗೆದವು. ಹರಳು ಮತ್ತು ಮರಳಿನ ಮೇಲೆ ಮೊಟ್ಟೆ ಇಡುವ ಮೀನಿಗೆ ಮರಳು ತೆಗೆದ ಹೊಳೆ ಕಲ್ಲೂ ಕೆಸರೂ ಆದ ಹೊಲದಂತೆ. ಇವೆಲ್ಲದರ ಮೇಲೆ, ಸದುದ್ದೇಶದಿಂದಲೇ, 1976ರಿಂದ ಮಹಾರಾಷ್ಟ್ರದ ಲೋನಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೆ ಜಾತಿಯ ಬಿಳಿಮೀನಿನ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸತು ಹಬ್ಬಿತು, ಹಳೆಯದು ಕುಗ್ಗಿತು. ಕೆರೆಗೆ ಹೊರಗಿನ ಬಿತ್ತನೆ ಹಾಕುವುದು ಸರಿ, ಹೊಳೆಗೆ ಹಾಕುವಾಗ ನೂರು ಸಲ ಯೋಚಿಸಬೇಕು. ಈ ಕಾರಣಕ್ಕಾಗಿಯೇ ಕೇಂದ್ರ ಸರ್ಕಾರ ನಿಷೇಧಿಸಿರುವ ಆಫ್ರಿಕದ ಕ್ಯಾಟ್‌ಫಿಶ್ ಅನ್ನು ಯಾವ ಹೊಂಡದಲ್ಲಿಯೂ ಸಾಕಕೂಡದು. ಒಂದು ಕೋಡಿ ಬಿದ್ದರೆ ಅದು ಕಬಿನಿಯಲ್ಲಿರುತ್ತದೆ. 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಇಂದು ಯಾವ ಕೆರೆಯಲ್ಲಿಲ್ಲ?

ಹೊಳೆಯ ಮೀನು ಬೇಸಿಗೆಯನ್ನು ಕಳೆಯುವುದು ಆಳವಾದ ಮಡುಗಳಲ್ಲಿ. ಇದೇ ಕಾವೇರಿಯ ಮೇಲ್ಭಾಗದಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ದೇವಾಲಯದ ಮುಂದಿನ ಮಡುವಿನಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಅಲ್ಲಿ ದೊಡ್ಡ ಮೀನುಗಳು ಭಕ್ತರ ಕೈಯಿಂದ ಪುರಿ ತಿನ್ನುತ್ತವೆ. ಶೃಂಗೇರಿಯ ತುಂಗೆಯಲ್ಲಿಯೂ ಹೀಗೆಯೇ. ಅಂತಹ ಜಾಗಕ್ಕೂ ಕಾವಲು ಬೇಕೆಂಬುದನ್ನು 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ವಿಷ ಹಾಕಿ ದೇವರ ಮೀನುಗಳನ್ನು ಕೊಂದ ಘಟನೆ ತೋರಿಸಿತು. ದೇವರ ಹೆಸರಿಲ್ಲದಿದ್ದರೂ ಸಂಗಮದಿಂದ ಮೇಲಕ್ಕೆ ಪ್ರತಿಯೊಂದು ಹೊಳೆದಂಡೆಯ ಊರು ತನ್ನ ಪಾಲಿನ ಹೊಳೆಯಲ್ಲಿ ಒಂದು ಮಡುವನ್ನು ಬಲೆ ಹಾಕದೆ ಬಿಡಬಹುದು. ಅದನ್ನು ಗುರುತಿಸಬಲ್ಲವರು ಬೆಸ್ತರಲ್ಲಿ ಹಿರಿಯರು. ವಿಸ್ತರಣಾ ಕಾರ್ಯಕರ್ತರು ಮೊದಲು ಅವರನ್ನು ವಿಚಾರಿಸಿ ಆಮೇಲೆ ಪಂಚಾಯಿತಿಗೆ ಹೋಗುವುದು ಲೇಸು.

ಮೇ ತಿಂಗಳಲ್ಲಿ ಮಾಡಬೇಕಾದ ಕೆಲಸ

ಮೇಲಿನ ಏರ್ಪಾಡುಗಳನ್ನು ನೀರು ಬಂದ ಮೇಲೆ ಯೋಚಿಸಿದರೆ ಪ್ರಯೋಜನವಿಲ್ಲ. ಮೇ ತಿಂಗಳಿನಲ್ಲಿ ಕೆರೆ ತಳ ಕಂಡಿರುವಾಗಲೇ ನೀರುಗಂಟಿ, ಅಚ್ಚುಕಟ್ಟಿನ ರೈತರು, ಮೀನಿನ ಗುತ್ತಿಗೆ ಹಿಡಿದವರು ಮತ್ತು ಪಂಚಾಯಿತಿ ಸದಸ್ಯರು ಏರಿಯ ಮೇಲೆ ಒಟ್ಟಿಗೆ ಸೇರಬೇಕು. ಕೋಡಿಯಲ್ಲಿ ಎಂದಿನಿಂದ ಎಂದಿನವರೆಗೆ ಬಲೆ ಇಡಬಾರದೆಂಬುದನ್ನು ಗೊತ್ತುಮಾಡಿ ಪಂಚಾಯಿತಿ ಪುಸ್ತಕದಲ್ಲಿ ಬರೆಸಬೇಕು. ಮರಿಗಳ ಬೇಡಿಕೆಯನ್ನು ತಾಲ್ಲೂಕಿನ ಮೀನುಗಾರಿಕಾ ಕಛೇರಿಗೆ ಆಗಲೇ ಸಲ್ಲಿಸಬೇಕು. ತಾಂತ್ರಿಕ ಸಲಹೆ ಬೇಕಾದವರು ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಯಾವ ಮಟ್ಟಕ್ಕೆ ನೀರು ಇಳಿದಾಗ ತೂಬು ಮುಚ್ಚಬೇಕೆಂಬುದನ್ನು ಎಲ್ಲರೂ ಒಪ್ಪಿದ ಮೇಲೆ ತೂಬಿನ ಕಲ್ಲುಗಂಬದ ಮೇಲೆ ಬಿಳಿ ಬಣ್ಣದಿಂದ ಗೆರೆ ಹಾಕಿಸಬೇಕು. ಸುಣ್ಣದಲ್ಲಿ ಹಾಕಿದರೆ ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ, ಎಣ್ಣೆ ಬಣ್ಣವನ್ನೇ ಬಳಸಬೇಕು.